ಮಾಲ್ಡಿಯೋ ಎಲೆಕ್ಟ್ರೋಸ್ಪ್ರೇಯೋ: ಕಡಲಕಳೆಯ ಸಕ್ಕರೆ ಸರಪಳಿಗೆ ಯಾವುದು?

ಮಾದರಿಯಲ್ಲಿ ಸಲ್ಫೇಟ್ ಇದೆಯೇ ಇಲ್ಲವೇ? ಅಣುಗಳನ್ನು ಅಯಾನಾಗಿಸಿ ತೂಗುವ ಮಾಸ್ ಸ್ಪೆಕ್ಟ್ರೋಮೀಟರ್ ಆರಿಸುವ ಮೊದಲು ಇದೊಂದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಮಾಲ್ಡಿ ಒಣಗಿದ ಹನಿಗೆ ಲೇಸರ್ ಹೊಡೆದು ಅಯಾನು ಮಾಡುತ್ತದೆ, ಎಲೆಕ್ಟ್ರೋಸ್ಪ್ರೇ ದ್ರಾವಣವನ್ನು ವಿದ್ಯುತ್ ಒತ್ತಡದಲ್ಲಿ ಸಿಂಪಡಿಸಿ.

ಕಂದು ಕಳೆಯ ಲ್ಯಾಮಿನರಿನ್ ಎಂಬ ಗ್ಲೂಕೋಸ್ ಸರಪಳಿಯಲ್ಲಿ ಸಲ್ಫೇಟ್ ಇಲ್ಲ. ಅದರ ತುಣುಕುಗಳು ಮಾಲ್ಡಿಗೆ ಹೇಳಿ ಮಾಡಿಸಿದಂತಿವೆ. ಶೇ. 50ರ ಅಸಿಟೋನೈಟ್ರೈಲ್‌ನಲ್ಲಿ ಮಿಲಿಲೀಟರಿಗೆ 10 ಮಿಲಿಗ್ರಾಂ ಡಿಎಚ್‌ಬಿ (ಲೇಸರ್ ಶಕ್ತಿ ಹೀರಿ ಮಾದರಿಯನ್ನು ಅಯಾನಾಗಿಸಲು ನೆರವಾಗುವ ಪುಡಿ) ಕರಗಿಸಿ, ಮಾದರಿಗೆ ಸಮಸಮ ಬೆರೆಸಿ ಹನಿ ಇಟ್ಟರೆ ಸಾಕು, ಸೋಡಿಯಂ ಹೊತ್ತ ಅಯಾನುಗಳು 162ರ (ಒಂದು ಗ್ಲೂಕೋಸ್ ಘಟಕದ ತೂಕ) ಅಂತರದಲ್ಲಿ ಸಾಲಾಗಿ ಕಾಣುತ್ತವೆ. ಆದರೆ ಡಿಎಚ್‌ಬಿ ಹನಿಯ ಅಂಚಿನಲ್ಲಿ ಸೂಜಿಸೂಜಿಯಾಗಿ ಹರಳುಗಟ್ಟುವುದರಿಂದ ಲೇಸರ್ ಬಿದ್ದ ಜಾಗಕ್ಕೊಂದು ತೀವ್ರತೆ. ಒಣಗಿದ ಮೇಲೆ ಒಂದಿಷ್ಟು ಎಥನಾಲ್ ಸೋಕಿಸಿ ಮರುಹರಳು ಮಾಡಿ. ಇನ್ನೊಂದು ಬಲೆಯಿದೆ: ಐದು ಘಟಕಗಳ ಸರಪಳಿಯ ತುದಿಯಲ್ಲಿ ಗ್ಲೂಕೋಸ್ ಇದ್ದರೆ ಶಿಖರ 851.26ರಲ್ಲಿ, ಮ್ಯಾನಿಟಾಲ್ ಎಂಬ ಸಕ್ಕರೆ ಆಲ್ಕೋಹಾಲ್ ಇದ್ದರೆ 853.28ರಲ್ಲಿ. ಭಾರದ ಪರಮಾಣುಗಳಿಂದ 2 ಹೆಚ್ಚು ತೂಗುವ ಮೊದಲನೆಯದರ ಐಸೋಟೋಪ್ ಶಿಖರ ಎರಡನೆಯದರ ಮೇಲೆಯೇ ಬಂದು ಕೂರುತ್ತದೆ. ಅದನ್ನು ಕಳೆಯದೆ ಮ್ಯಾನಿಟಾಲ್ ಪಾಲು ಲೆಕ್ಕ ಹಾಕಬೇಡಿ.

ಕೆಂಪು ಕಳೆಯ, ಸಲ್ಫೇಟ್ ಹೊತ್ತ ಸಕ್ಕರೆ ಸರಪಳಿಯಾದ ಕಪ್ಪಾ ಕ್ಯಾರಜೀನನ್‌ಗೆ ಇದೇ ವಿಧಾನ ಹಿಡಿದರೆ ಸಲ್ಫೇಟ್ ಉದುರುತ್ತದೆ. ಪ್ರತಿ ಶಿಖರದ 80 ಕೆಳಗೆ ಇನ್ನೊಂದು ಎದ್ದು, ಮಾದರಿಯಲ್ಲೇ ಸಲ್ಫೇಟ್ ಕಡಿಮೆ ಇತ್ತೇನೋ ಅನ್ನಿಸುವಂತೆ ಮೋಸ ಮಾಡುತ್ತದೆ. ಡಿಎಚ್‌ಬಿ ಬದಲು ನಾರ್‌ಹಾರ್ಮೇನ್ ಬಳಸಿದರೆ ಉದುರುವುದು ತಗ್ಗೀತು, ಪೂರ್ತಿ ನಿಲ್ಲದು.

ಇಲ್ಲಿ ನಮ್ಮ ಮತ ಋಣ ಅಯಾನುಗಳನ್ನು ಅಳೆಯುವ ಎಲೆಕ್ಟ್ರೋಸ್ಪ್ರೇಗೆ. ಯಂತ್ರ ತೋರುವುದು ತೂಕವನ್ನು ಚಾರ್ಜಿನಿಂದ ಭಾಗಿಸಿದ ಅಂಕಿ. ಕ್ಯಾರಜೀನೇಸ್ ಕಿಣ್ವದಿಂದ ಕತ್ತರಿಸಿದ ನಾಲ್ಕು ಘಟಕಗಳ ತುಣುಕು ಎರಡು ಋಣ ಚಾರ್ಜ್ ಹೊತ್ತು 394.05ರಲ್ಲಿ ಸಿಗುತ್ತದೆ. ರಚನೆ ತಿಳಿಯಲು ಅನಿಲಕ್ಕೆ ಡಿಕ್ಕಿ ಹೊಡೆಸಿ ಒಡೆಯುವುದಕ್ಕೆ ಇದನ್ನೇ ಆರಿಸಿ. ಒಂದೇ ಚಾರ್ಜಿನ 789.11 ಬೇಡ. ಅದರಲ್ಲಿ ಒಂದು ಸಲ್ಫೇಟ್ ಮೇಲೆ ಪ್ರೋಟಾನ್ ಉಳಿದಿರುತ್ತದೆ, ಡಿಕ್ಕಿ ಹೊಡೆಸಿದ ಕೂಡಲೇ ಮೊದಲು ಬೀಳುವುದು ಆ ಸಲ್ಫೇಟೇ.

394.05 ಒಡೆದಾಗ ಒಂದೇ ಚಾರ್ಜಿನ 403.06 ಬರುತ್ತದೆ. ಇದು ಎಡ ತುದಿಯ ಎರಡು ಘಟಕಗಳ ತುಣುಕೋ (ಸಿ2), ಬಲ ತುದಿಯ ಎರಡು ಘಟಕಗಳದೋ (ವೈ2)? ಎರಡರ ತೂಕವೂ ಒಂದೇ! ತುದಿಗೆ ಗುರುತು ಹಾಕದೆ ಬೇರೆ ದಾರಿಯಿಲ್ಲ. ಆಕ್ಸಿಜನ್-18 ನೀರಿನ ಗುರುತು 2 ಮಾತ್ರ ಕೂಡಿಸುತ್ತದೆ, ಅಲ್ಲಿಗೆ ಗಂಧಕ-34ರ ಶಿಖರವೂ ಬಂದು ಕಲಸುತ್ತದೆ. ಸೋಡಿಯಂ ಬೋರೋಡ್ಯೂಟರೈಡ್‌ನಿಂದ ಅಪಕರ್ಷಿಸಿದರೆ 3.02 ಏರಿ, ಮೂಲ ಅಯಾನು 395.56ಕ್ಕೆ, ವೈ2 406.08ಕ್ಕೆ ಸರಿಯುತ್ತದೆ, ಸಿ2 ಇದ್ದಲ್ಲೇ. ಬೋರೇಟ್ ತೆಗೆಯುವ ತಲೆನೋವು ಇದ್ದರೂ ಇದೇ ವಾಸಿ.

ಎಲೆಕ್ಟ್ರೋಸ್ಪ್ರೇಗೆ ಉಪ್ಪಿನ ಕಾಟ ಹೆಚ್ಚು. ಪ್ರೋಟಾನ್ ಜಾಗಕ್ಕೆ ಸೋಡಿಯಂ ಬಂದಂತೆಲ್ಲ 21.98 ಕೂಡಿ ಒಂದೇ ತುಣುಕು ಹಲವು ಶಿಖರಗಳಾಗಿ ಹರಡುತ್ತದೆ. ಗ್ರಾಫೈಟ್ ಕಾರ್ಬನ್ ಕಾರ್ಟ್ರಿಜ್‌ನಲ್ಲಿ ನೀರಿನಿಂದ ತೊಳೆದು, ಅಮೋನಿಯಂ ಅಸಿಟೇಟ್ ಸೇರಿಸಿದ ಶೇ. 50ರ ಅಸಿಟೋನೈಟ್ರೈಲ್‌ನಿಂದ ಇಳಿಸಿ. ಟ್ರೈಫ್ಲೋರೋಅಸಿಟಿಕ್ ಆಮ್ಲದಲ್ಲಿ ಇಳಿಸಿ ಒಣಗಿಸಿದರೆ ಕೆಲಸ ಕೆಟ್ಟಂತೆ: ಆಮ್ಲ ಗಾಢವಾಗುತ್ತ ಸಲ್ಫೇಟ್ ಬಿಡುತ್ತದೆ, ಕ್ಯಾರಜೀನನ್‌ನ ಘಟಕವಾದ ಅನ್‌ಹೈಡ್ರೋಗ್ಯಾಲಕ್ಟೋಸ್‌ನ ಬಂಧವೂ ಮುರಿಯುತ್ತದೆ.

ಕಂದು ಕಳೆಯ ಇನ್ನೊಂದು ಸರಪಳಿ ಆಲ್ಜಿನೇಟ್‌ನ ಎರಡು ಯುರೋನಿಕ್ ಆಮ್ಲಗಳಿಗೂ ಸರಪಳಿಯೊಳಗೆ ತೂಕ 176.03, ತೂಕ ನೋಡಿ ಅವನ್ನು ಬೇರೆ ಮಾಡಲು ಎರಡು ಯಂತ್ರಗಳಿಗೂ ಆಗದು. ಅವೆರಡರ ಅನುಪಾತಕ್ಕೆ, ಕಾಂತಕ್ಷೇತ್ರದಲ್ಲಿ ಪರಮಾಣುಗಳ ಸುತ್ತಲಿನ ರಚನೆ ಅಳೆಯುವ ಎನ್‌ಎಂಆರ್‌ಗೇ ಹೋಗಿ.