ಹಿತ್ತಲಿನ ಶೆಡ್: ನಾನೇ ಕಟ್ಟಿ, ಆರು ವರ್ಷ ಬಳಸಿದ ಮೇಲೆ

ಹಿತ್ತಲಲ್ಲಿ ನಾನೇ ಕಟ್ಟಿದ ಶೆಡ್ಡಿಗೆ ಈಗ ಆರು ವರ್ಷ. ಕಟ್ಟಿ ಮುಗಿಸಿದ ವಾರವೇ ವಿಮರ್ಶೆ ಬರೆಯೋಣ ಅಂತ ಕೂತಿದ್ದೆ. ಬರೆಯದೇ ಇದ್ದದ್ದು ಒಳ್ಳೆಯದಾಯಿತು. ಆಗ ಬರೆದಿದ್ದರೆ ಅದರಲ್ಲಿ ನನ್ನ ಖುಷಿ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಈಗ ಆರು ಮಳೆಗಾಲ ದಾಟಿದೆ. ಯಾವುದು ಗಟ್ಟಿಯಾಗಿ ನಿಂತಿತು, ಯಾವುದನ್ನು ಬಿಚ್ಚಿ ಮತ್ತೆ ಮಾಡಬೇಕಾಯಿತು ಅಂತ ಈಗ ಹೇಳಬಲ್ಲೆ.

ಮೊದಲು ಶೆಡ್ ಹೇಗಿದೆ ಅಂತ ಹೇಳುತ್ತೇನೆ. 10 ಅಡಿ ಉದ್ದ, 8 ಅಡಿ ಅಗಲ. ಕೆಳಗೆ 4 ಇಂಚು ದಪ್ಪದ ಕಾಂಕ್ರೀಟ್ ಹಾಸು. ಮರದ ಚೌಕಟ್ಟು, ಹೊರಗಡೆ ಫೈಬರ್ ಸಿಮೆಂಟ್ ಬೋರ್ಡ್. ಮೇಲೆ ಒಂದೇ ಕಡೆಗೆ ಇಳಿಜಾರಿರುವ ಜಿಐ ತಗಡು. ಮುಂದಿನ ಗೋಡೆ 8 ಅಡಿ ಎತ್ತರ, ಹಿಂದಿನದು 7 ಅಡಿ. ಒಳಗೆ ಹಾರೆ, ಗುದ್ದಲಿ, ಹುಲ್ಲು ಕತ್ತರಿಸುವ ಯಂತ್ರ, ಏಣಿ, ಎರಡು ಸೈಕಲ್, ಬಣ್ಣದ ಡಬ್ಬಿಗಳು, ಬಿಸಾಕಲು ಮನಸ್ಸು ಬಾರದ ಹಳೆಯ ಸಾಮಾನು. ರಜೆ ದಿನ ಮಾತ್ರ ಕೆಲಸ ಮಾಡಿದ್ದರಿಂದ ಮೂರು ತಿಂಗಳು ಹಿಡಿಯಿತು. ಜೊತೆಗೆ ಅಪ್ಪ ಇದ್ದರು.

ಶೆಡ್ ಅಂದರೆ ಮಳೆಯಿಂದ ಸಾಮಾನು ಕಾಪಾಡುವ ಜಾಗ, ಹಾಗಾಗಿ ಮಾಡು ಸರಿ ಇದ್ದರೆ ಸಾಕು ಅಂತ ನಾನು ಅಂದುಕೊಂಡಿದ್ದೆ. ಆರು ವರ್ಷದಲ್ಲಿ ನನಗೆ ತೊಂದರೆ ಕೊಟ್ಟ ನೀರು ಮೇಲಿಂದ ಬಂದದ್ದು ಒಮ್ಮೆಯೂ ಅಲ್ಲ. ಒಮ್ಮೆ ಗೋಡೆಯ ಬುಡದಿಂದ ಬಂತು. ಇನ್ನೊಮ್ಮೆ ಒಳಗಿನ ಗಾಳಿಯಿಂದಲೇ ಬಂತು. ಈ ವಿಮರ್ಶೆಯ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ.

ಹಾಸಿನಿಂದ ಶುರು ಮಾಡುತ್ತೇನೆ. ಒಮ್ಮೆ ಹಾಕಿದ ಮೇಲೆ ತಿದ್ದುವುದು ತುಂಬಾ ಕಷ್ಟವಾದ ಕೆಲಸ ಇದು. ಇಷ್ಟು ಸಣ್ಣ ಹಾಸಿನ ತೂಕವೇ ಹತ್ತಿರ ಹತ್ತಿರ ಎರಡು ಟನ್. ಕೈಯಲ್ಲಿ ಕಲಸುವವರು ಇದನ್ನು ಮೊದಲೇ ತಿಳಿದುಕೊಂಡಿರಿ. ನಾಲ್ಕು ಜನರಿಲ್ಲದೆ ಒಂದೇ ದಿನದಲ್ಲಿ ಮುಗಿಯುವುದಿಲ್ಲ, ಅರ್ಧಕ್ಕೆ ಬಿಟ್ಟರೆ ಆ ಜಾಗದಲ್ಲಿ ಬಿರುಕು ಬರುತ್ತದೆ.

ಮೂಲೆ ನೇರ ಇದೆಯಾ ಅಂತ ನೋಡಲು ಹಳೆಯ ಲೆಕ್ಕವೇ ಸಾಕು. ಒಂದು ದಾರದ ಮೇಲೆ 6 ಅಡಿಗೆ ಗುರುತು, ಪಕ್ಕದ ದಾರದ ಮೇಲೆ 8 ಅಡಿಗೆ ಗುರುತು. ಎರಡು ಗುರುತಿನ ನಡುವೆ ಸರಿಯಾಗಿ 10 ಅಡಿ ಬಂದರೆ ಮೂಲೆ ನೇರ. ಆಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಬೇಕು. 8 ಅಡಿಗೆ 10 ಅಡಿಯ ಜಾಗದಲ್ಲಿ ಅದು 12 ಅಡಿ ಒಂಬತ್ತೂವರೆ ಇಂಚಿಗಿಂತ ಚೂರು ಜಾಸ್ತಿ ಬರುತ್ತದೆ. ನಮಗೆ ಮೊದಲ ಸಲ ಒಂದು ಕಡೆ ಒಂದೂವರೆ ಇಂಚು ಹೆಚ್ಚು ಬಂತು. "ಅಷ್ಟು ಪರವಾಗಿಲ್ಲ ಬಿಡಪ್ಪಾ" ಅಂದೆ. ಅಪ್ಪ ಗೂಟ ಕಿತ್ತೇ ಬಿಟ್ಟರು. "ತಗಡು ಹಾಕೋ ದಿನ ಎದ್ದು ಕಾಣುತ್ತೆ ಕಣೋ, ಇವತ್ತೇ ಸರಿ ಮಾಡು" ಅಂದರು. ತಗಡು ಹಾಕುವ ದಿನ ಒಂದು ಹಾಳೆಯನ್ನೂ ಓರೆಯಾಗಿ ಕತ್ತರಿಸಬೇಕಾಗಲಿಲ್ಲ.

ಹಾಸಿನ ಕೆಳಗೆ ಜಲ್ಲಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ್ದೆವು. ಕಾಂಕ್ರೀಟ್ ಎಷ್ಟೇ ಗಟ್ಟಿಯಾಗಿದ್ದರೂ ಮಣ್ಣಿನ ತೇವವನ್ನು ಮೇಲಕ್ಕೆ ಎಳೆಯುತ್ತದೆ. ಈ ಹಾಳೆ ಅದನ್ನು ತಡೆಯುತ್ತದೆ. ನನ್ನ ಶೆಡ್ಡಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ ನಾಲ್ಕು ವರ್ಷ ನೇರವಾಗಿ ನೆಲದ ಮೇಲೇ ಕೂತಿತ್ತು. ಎತ್ತಿ ನೋಡಿದಾಗ ತಳ ಗರಿಗರಿಯಾಗಿ ಒಣಗೇ ಇತ್ತು. ಇಡೀ ಶೆಡ್ಡಿನಲ್ಲಿ ಯಾವುದಕ್ಕಾದರೂ ಪೂರ್ತಿ ಅಂಕ ಕೊಡಬೇಕು ಅಂದರೆ ಈ ಪ್ಲಾಸ್ಟಿಕ್ ಹಾಳೆಗೆ ಕೊಡುತ್ತೇನೆ.

ತಪ್ಪು ಮಾಡಿದ್ದು ಅಂಚಿನಲ್ಲಿ. ಗೋಡೆಯ ಗೆರೆ ಸರಿಯಾಗೇ ಇತ್ತು. ಆದರೆ ಹಿಂದುಗಡೆ ಹಾಸನ್ನು ಗೋಡೆಗಿಂತ 4 ಇಂಚು ಆಚೆಗೆ ತಂದೆ. ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅನ್ನಿಸಿತ್ತು. ಒಳ್ಳೆಯದಲ್ಲ. ಗೋಡೆಯ ಮೇಲೆ ಹರಿದ ನೀರು ನೇರ ಮಣ್ಣಿಗೆ ಬೀಳಬೇಕು. ಅದರ ಬದಲು ಆ 4 ಇಂಚಿನ ಕಟ್ಟೆಯ ಮೇಲೆ ಬಿದ್ದು, ಅಲ್ಲಿಂದ ಗೋಡೆಯ ಬುಡಕ್ಕೆ ನುಗ್ಗುತ್ತಿತ್ತು. ಸೂರಿನಿಂದ ಬಿದ್ದ ನೀರು ಸಿಡಿದು ಅದೂ ಅಲ್ಲಿಗೇ ಸೇರುತ್ತಿತ್ತು. ಮೊದಲ ಎರಡು ವರ್ಷ ಏನೂ ಕಾಣಲಿಲ್ಲ. ಮೂರನೇ ವರ್ಷ ಮೂಲೆಯಲ್ಲಿ ಒಂಥರಾ ಹಸಿ ವಾಸನೆ. ಬೋರ್ಡ್ ಬಿಚ್ಚಿ ಸ್ಕ್ರೂಡ್ರೈವರಿನಿಂದ ಚುಚ್ಚಿದರೆ ತಳಪಟ್ಟಿಯ ಮರ ಮೂರು ಅಡಿಯಷ್ಟು ಉದ್ದಕ್ಕೆ ಮೆತ್ತಗಾಗಿತ್ತು. ಮರದಲ್ಲಿ ತೇವ ಶೇಕಡ 20ಕ್ಕಿಂತ ಕೆಳಗೇ ಇದ್ದರೆ ಅದನ್ನು ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ಆ ಮೂಲೆ ತಿಂಗಳುಗಟ್ಟಲೆ ಒಣಗುತ್ತಲೇ ಇರಲಿಲ್ಲ.

ಅಷ್ಟು ಭಾಗದ ಮರ ಕತ್ತರಿಸಿ ತೆಗೆದು ಹೊಸದು ಹಾಕಿದೆ. ಕಟ್ಟೆಯನ್ನು ಉಜ್ಜಿ ಹೊರಗಡೆಗೆ ಇಳಿಜಾರು ಮಾಡಿದೆ. ಬೋರ್ಡಿನ ಕೆಳ ಅಂಚಿನ ಹಿಂದಿನಿಂದ ತಗಡಿನ ಪಟ್ಟಿಯೊಂದನ್ನು ಬಗ್ಗಿಸಿ ಹೊರಗೆ ತಂದೆ. ಎರಡು ದಿನದ ಕೆಲಸ. ಹಾಸು ಹಾಕುವಾಗ ಹಲಗೆಯನ್ನು 4 ಇಂಚು ಒಳಗೆ ಹೊಡೆದಿದ್ದರೆ ಇದು ಯಾವುದೂ ಬೇಕಿರಲಿಲ್ಲ. ನೀವು ಕಟ್ಟುವುದಾದರೆ ಹಾಸಿನ ಅಂಚು ಗೋಡೆಯ ಚೌಕಟ್ಟಿನ ಅಂಚಿಗೆ ಸರಿಯಾಗಿ ಮುಗಿಯಲಿ. ಬೋರ್ಡು ಅದಕ್ಕಿಂತ ಒಂದು ಇಂಚು ಕೆಳಗೆ ಇಳಿದಿರಲಿ.

ಚೌಕಟ್ಟಿನ ಬಗ್ಗೆ ಹೇಳುವುದು ಕಡಿಮೆ, ಯಾಕೆಂದರೆ ಅದು ತೊಂದರೆ ಕೊಟ್ಟೇ ಇಲ್ಲ. ಕಂಬಗಳನ್ನು ಎರಡೆರಡು ಅಡಿಗೆ ನಿಲ್ಲಿಸಿದ್ದೆ. ಬೋರ್ಡು 4 ಅಡಿ ಅಗಲದ್ದಾದ್ದರಿಂದ ಪ್ರತಿ ಅಂಚೂ ಒಂದು ಕಂಬದ ಮೇಲೆ ಬಂದು ಕೂತಿತು. ಔಷಧಿ ಹಾಕಿದ ಮರ ತಗೊಂಡರೆ ಒಂದು ವಿಷಯ ನೆನಪಿಡಿ. ಅದರಲ್ಲಿ ಸಾಮಾನ್ಯವಾಗಿ ತಾಮ್ರದ ಅಂಶ ಇರುತ್ತದೆ, ಅದು ಸಾದಾ ಮೊಳೆಯನ್ನು ಬೇಗ ತಿನ್ನುತ್ತದೆ. ದಪ್ಪ ಸತುವಿನ ಲೇಪನ ಇರುವ ಅಥವಾ ಸ್ಟೇನ್‌ಲೆಸ್ ಸ್ಕ್ರೂ ಬಳಸಬೇಕು. ಮರವನ್ನು ಕತ್ತರಿಸಿದ ತುದಿಗೆ ಮತ್ತೆ ಔಷಧಿ ಹಚ್ಚುವುದನ್ನೂ ಬಿಡಬಾರದು. ಮರ ನೀರು ಕುಡಿಯುವುದು ಆ ತುದಿಯಿಂದಲೇ. ಫೈಬರ್ ಸಿಮೆಂಟ್ ಬೋರ್ಡ್ ಕತ್ತರಿಸುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು. ಬಯಲಿನಲ್ಲಿ, ನೀರು ಚಿಮುಕಿಸಿಕೊಂಡು, ಒಳ್ಳೆಯ ಮಾಸ್ಕ್ ಹಾಕಿಕೊಂಡೇ ಕತ್ತರಿಸಿ. ಈ ವಿಷಯದಲ್ಲಿ ಸೋಮಾರಿತನ ಬೇಡ.

ಈಗ ಮಾಡು. ಎರಡನೇ ವರ್ಷದ ಚಳಿಗಾಲ. ಬೆಳಿಗ್ಗೆ ಬಾಗಿಲು ತೆಗೆದರೆ ಸೈಕಲ್ ಸೀಟಿನ ಮೇಲೆ ನೀರು, ಹುಲ್ಲಿನ ಯಂತ್ರದ ಮೇಲೆ ನೀರು. ತಗಡು ಸೋರುತ್ತಿದೆ ಅಂತ ಏಣಿ ಹತ್ತಿ ಒಂದೊಂದು ಸ್ಕ್ರೂವಿಗೂ ಸೀಲಂಟ್ ಬಳಿದೆ. ಮೂರು ದಿನ ಬಿಟ್ಟು ಮತ್ತೆ ನೀರು. ಆ ಮೂರು ದಿನ ಮಳೆಯೇ ಬಂದಿರಲಿಲ್ಲ ಅಂತ ಆಗ ಹೊಳೆಯಿತು. ಕೈ ಮೇಲೆತ್ತಿ ತಗಡಿನ ಒಳಮೈ ಮುಟ್ಟಿದೆ. ಪೂರ್ತಿ ಹನಿಹನಿ.

ಆಗುವುದು ಇಷ್ಟೇ. ರಾತ್ರಿ ತಗಡು ಹೊರಗಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಶೆಡ್ಡಿನೊಳಗಿನ ಗಾಳಿಯಲ್ಲಿರುವ ತೇವ ಆ ತಣ್ಣನೆಯ ಮೈಗೆ ತಾಗಿ ನೀರಾಗುತ್ತದೆ. ತಣ್ಣನೆಯ ನೀರಿನ ಲೋಟದ ಹೊರಗೆ ಹನಿ ಕೂರುತ್ತದಲ್ಲ, ಅದೇ. ನಾನು ಇಲಿ, ಹುಳ ಬಾರದಿರಲಿ ಅಂತ ಎಲ್ಲ ಸಂದನ್ನೂ ಮುಚ್ಚಿದ್ದೆ. ಒಳಗಿನ ತೇವ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಒದ್ದೆ ಯಂತ್ರವನ್ನು ಒಳಗಿಟ್ಟು ಬಾಗಿಲು ಹಾಕುವ ಅಭ್ಯಾಸ ಬೇರೆ.

ಹಿಂದಿನ ಗೋಡೆಯಲ್ಲಿ ಕೆಳಗೆ ಎರಡು, ಮುಂದಿನ ಗೋಡೆಯಲ್ಲಿ ಸೂರಿನ ಕೆಳಗೆ ಎರಡು ಗಾಳಿಕಿಂಡಿ ಕೊರೆದು, ಒಳಗಿನಿಂದ ಸಣ್ಣ ಕಣ್ಣಿನ ಜಾಲರಿ ಹೊಡೆದೆ. ಗಾಳಿ ಕೆಳಗಿನಿಂದ ಬಂದು ಮೇಲಿನಿಂದ ಹೋಗುತ್ತದೆ. ಹನಿ ಬೀಳುವುದು ನಿಂತಿತು. ತುಂಬಾ ಚಳಿಯ ಬೆಳಿಗ್ಗೆ ಮಾತ್ರ ಈಗಲೂ ತಗಡು ಸ್ವಲ್ಪ ಬೆವರುತ್ತದೆ, ಆದರೆ ಹನಿಯಾಗಿ ಬೀಳುವ ಮೊದಲೇ ಒಣಗುತ್ತದೆ. ಪೆಟ್ರೋಲ್ ಹಾಕುವ ಯಂತ್ರ ಒಳಗಿಡುವವರಿಗೆ ಕೆಳಗಿನ ಕಿಂಡಿ ಇನ್ನೂ ಮುಖ್ಯ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ.

ತಗಡಿನಲ್ಲಿ ಇನ್ನೊಂದು ತಪ್ಪಾಯಿತು. ಉದ್ದ ಸರಿ ಮಾಡಲು ಗ್ರೈಂಡರ್ ಬಳಸಿದೆ, ಅದೂ ಉಳಿದ ಹಾಳೆಗಳ ಮೇಲೇ ಇಟ್ಟು. ಕಿಡಿಯ ಜೊತೆ ಹಾರಿದ ಕಬ್ಬಿಣದ ಪುಡಿ ಅಲ್ಲಲ್ಲೇ ಅಂಟಿತು. ಕೆಲವೇ ವಾರಗಳಲ್ಲಿ ಹೊಸ ತಗಡಿನ ತುಂಬ ಕಂದು ಚುಕ್ಕಿ. ಜಿಐ ತಗಡನ್ನು ಕಾಯುವುದು ಮೇಲಿನ ಸತುವಿನ ಪದರ. ಸತು ತಾನು ಸವೆದು ಉಕ್ಕನ್ನು ಉಳಿಸುತ್ತದೆ. ಗ್ರೈಂಡರಿನ ಶಾಖ ಅಂಚಿನಲ್ಲಿ ಅದನ್ನೇ ಸುಟ್ಟುಬಿಡುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಿ, ಸತು ಇರುವ ಪ್ರೈಮರ್ ಹಚ್ಚಿ ತಡೆದಿದ್ದೇನೆ. ತಗಡು ಕತ್ತರಿಯಲ್ಲಿ ಕತ್ತರಿಸಿದ ಒಂದೇ ಒಂದು ಹಾಳೆ ಇದೆ. ಆರು ವರ್ಷವಾದರೂ ಅದರ ಅಂಚು ಚೊಕ್ಕವಾಗಿದೆ. ಕೈ ನೋಯುತ್ತದೆ ನಿಜ, ಆದರೂ ಕತ್ತರಿಯೇ ಸರಿ.

ಸ್ಕ್ರೂ ಬಿಗಿಯುವುದರಲ್ಲೂ ಹದ ಇದೆ. ರಬ್ಬರ್ ವಾಷರ್ ತುಸು ಅಮುಕಿ ಕೂರಬೇಕು. ಅದು ಹೊರಗೆ ಉಬ್ಬಿ ಬಂದರೆ ಜಾಸ್ತಿ ಬಿಗಿದಂತೆ, ಬಿಸಿಲಿಗೆ ಬೇಗ ಸೀಳುತ್ತದೆ.

ಮಾಡಿನಿಂದ ಬರುವ ನೀರು ಎಷ್ಟು ಅಂತ ನನಗೆ ಅಂದಾಜೇ ಇರಲಿಲ್ಲ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. ಸೂರು ಸೇರಿ ನನ್ನ ಮಾಡು 12 ಅಡಿಗೆ 10 ಅಡಿ, ಸುಮಾರು 11 ಚದರ ಮೀಟರ್. 50 ಮಿಲಿಮೀಟರ್ ಮಳೆ ಬಂದರೆ 550 ಲೀಟರ್. ಅಷ್ಟೂ ಹಿಂದಿನ ಗೋಡೆಯ ಬುಡಕ್ಕೆ ಬೀಳುತ್ತಿತ್ತು! ಮೂರನೇ ವರ್ಷ ಮರ ಬದಲಿಸಿದಾಗಲೇ ನೀರಿನ ದೋಣಿ ಕಟ್ಟಿ, ಪೈಪ್ ಇಳಿಸಿ, ಡ್ರಮ್ ಇಟ್ಟೆ. ಬುಡ ಒಣಗಿತು, ಗಿಡಗಳಿಗೆ ನೀರೂ ಸಿಕ್ಕಿತು. ಇದನ್ನು ಮೊದಲ ದಿನವೇ ಮಾಡಬೇಕಿತ್ತು.

ಬಾಗಿಲು ಎರಡು ರೆಕ್ಕೆಯದು, ಒಟ್ಟು 4 ಅಡಿ. ತಳ್ಳುಗಾಡಿ ಸಲೀಸಾಗಿ ಒಳಗೆ ಬರುತ್ತದೆ. ಒಂದು ರೆಕ್ಕೆಯ ಓರೆಪಟ್ಟಿಯನ್ನು ಸರಿಯಾಗಿ ಹೊಡೆದಿದ್ದೆ, ಇನ್ನೊಂದರಲ್ಲಿ ತಿರುಗು ಮುರುಗಾಗಿತ್ತು. ಹೀಗಾಗಿ ವ್ಯತ್ಯಾಸ ಕಣ್ಣೆದುರೇ ಕಂಡಿತು. ಪಟ್ಟಿ ಕೀಲಿನ ಕಡೆಯ ಕೆಳ ಮೂಲೆಯಿಂದ ಹೊರಟು ಚಿಲಕದ ಕಡೆಯ ಮೇಲಿನ ಮೂಲೆಗೆ ಹೋಗಬೇಕು. ಆಗ ಬಾಗಿಲಿನ ಭಾರ ಆ ಮರದ ಮೂಲಕ ಕೆಳಗಿನ ಕೀಲಿಗೆ ಇಳಿಯುತ್ತದೆ. ಸರಿಯಾದ ರೆಕ್ಕೆ ಇವತ್ತಿಗೂ ಕದಲಿಲ್ಲ. ತಪ್ಪಾದದ್ದು ಒಂದೇ ವರ್ಷದಲ್ಲಿ ಅರ್ಧ ಇಂಚು ಜೋತು ನೆಲಕ್ಕೆ ಉಜ್ಜತೊಡಗಿತು. ಪಟ್ಟಿ ತಿರುಗಿಸಿ ಹೊಡೆದ ಮೇಲೆ ನಿಂತಿತು.

ಒಳಗೆ ಒಂದು ನಷ್ಟ ಆಯಿತು. ಗೊಬ್ಬರದ ಚೀಲ ಸರಿಯಾಗಿ ಕಟ್ಟದೆ ಉಪಕರಣಗಳ ಪಕ್ಕದಲ್ಲೇ ಇಟ್ಟಿದ್ದೆ. ರಾಸಾಯನಿಕ ಗೊಬ್ಬರ ಗಾಳಿಯ ತೇವ ಹೀರಿ ನೀರು ಬಿಡುತ್ತದೆ, ಆ ಉಪ್ಪುನೀರು ಕಬ್ಬಿಣವನ್ನು ಬಿಡುವುದಿಲ್ಲ. ಅಪ್ಪನ ಹಳೆಯ ಗರಗಸ ತುಕ್ಕು ತಿಂದು ಹಾಳಾಯಿತು. ಅದಕ್ಕೆ ಈಗಲೂ ಬೇಜಾರಿದೆ. ಈಗ ಗೊಬ್ಬರ ಮುಚ್ಚಳ ಇರುವ ಡ್ರಮ್ಮಿನಲ್ಲಿ, ಬೇರೆ ಮೂಲೆಯಲ್ಲಿದೆ.

ಅಳತೆ ಸಾಕಾಯಿತಾ ಅಂತ ಎಲ್ಲರೂ ಕೇಳುತ್ತಾರೆ. ಸಾಲದು. ನಡುವೆ ಓಡಾಡಲು ಎರಡೂವರೆ ಅಡಿ ಬಿಟ್ಟರೆ ಎರಡೂ ಕಡೆ ಉಳಿಯುವುದು ಕಡಿಮೆ. ಉದ್ದ ಇನ್ನೊಂದೆರಡು ಅಡಿ ಇದ್ದಿದ್ದರೆ ಸೈಕಲ್ ತೆಗೆಯಲು ಯಂತ್ರ ಹೊರಗೆಳೆಯಬೇಕಿರಲಿಲ್ಲ. ಕಟ್ಟುವ ಮೊದಲು ಇಡಬೇಕಾದ ಸಾಮಾನನ್ನೆಲ್ಲ ಅಂಗಳದಲ್ಲಿ ಜೋಡಿಸಿ, ಸುತ್ತ ದಾರ ಎಳೆದು, ಒಳಗೆ ಓಡಾಡಿ ನೋಡಿ. ಕಾಗದದ ಮೇಲೆ ಇದು ಗೊತ್ತಾಗುವುದಿಲ್ಲ. ಬೇಲಿಯಿಂದ ಎಷ್ಟು ದೂರ ಬಿಡಬೇಕು, ಅನುಮತಿ ಬೇಕಾ ಅನ್ನುವುದನ್ನೂ ಆಗಲೇ ಕೇಳಿಕೊಳ್ಳಿ.

ನನ್ನ ಗೆಳೆಯ ಅದೇ ವರ್ಷ ಸಿದ್ಧ ತಗಡಿನ ಶೆಡ್ ತಂದ. ಎರಡು ದಿನದಲ್ಲಿ ಜೋಡಿಸಿದ. ನೆಲಕ್ಕೆ ಬೋಲ್ಟ್ ಹಾಕದೆ ಬಿಟ್ಟಿದ್ದ, ಮೊದಲ ಜೋರು ಗಾಳಿಗೇ ಅದು ಜಾಗ ಬಿಟ್ಟು ಸರಿಯಿತು. ಬೋಲ್ಟ್ ಹಾಕಿದ ಮೇಲೆ ಸುಮ್ಮನೆ ನಿಂತಿದೆ. ಗೋಡೆಗೆ ಏನನ್ನೂ ನೇತುಹಾಕಲಾಗುವುದಿಲ್ಲ, ಬಿಸಿಲಿನಲ್ಲಿ ಒಳಗೆ ನಿಲ್ಲಲಾಗುವುದಿಲ್ಲ. ಆದರೆ ಬಾಡಿಗೆ ಮನೆಯವರಿಗೆ, ಮುಂದೆ ಬಿಚ್ಚಿ ಒಯ್ಯಬೇಕು ಅನ್ನುವವರಿಗೆ ಅದೇ ಒಳ್ಳೆಯದು. ನನಗೆ ಗೋಡೆಯ ತುಂಬ ಮೊಳೆ ಹೊಡೆದು ಸಾಮಾನು ತೂಗಿಸುವ ಆಸೆ ಇತ್ತು. ಮರದ ಚೌಕಟ್ಟು ಇದ್ದದ್ದರಿಂದ ಅದು ಆಯಿತು. ಏಣಿ, ಹಾರೆ, ಒಂದು ಸೈಕಲ್ ಎಲ್ಲ ಗೋಡೆಯ ಮೇಲೇ ಇವೆ.

ವರ್ಷಕ್ಕೆ ಒಂದು ದಿನದ ಆರೈಕೆ ಬೇಕೇ ಬೇಕು. ಮಳೆಗಾಲಕ್ಕೆ ಮೊದಲು ದೋಣಿಯ ಎಲೆ ತೆಗೆಯುತ್ತೇನೆ, ಕೀಲಿಗೆ ಎಣ್ಣೆ ಬಿಡುತ್ತೇನೆ, ಬುಡದ ಸುತ್ತ ಗೆದ್ದಲಿನ ಮಣ್ಣುಗೂಡು ಹತ್ತಿದೆಯಾ ನೋಡುತ್ತೇನೆ, ತಳಪಟ್ಟಿಯನ್ನು ಅದೇ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡುತ್ತೇನೆ. ಈ ವರ್ಷ ಮರ ಎಲ್ಲ ಕಡೆ ಗಟ್ಟಿಯಾಗಿದೆ. ಮಾಡಿನಲ್ಲಿ ಎರಡು ವಾಷರ್ ಸೀಳಿವೆ. ಮೊದಲ ದಿನದ ಉತ್ಸಾಹದಲ್ಲಿ ಜಾಸ್ತಿ ಬಿಗಿದವೇ ಅವು. ಬರುವ ರಜೆಗೆ ಅವನ್ನು ಬದಲಿಸಬೇಕು.