ಸ್ಪ್ರಿಂಗ್ ಪೋಸ್ಟ್: ಅಡ್ಡರಸ್ತೆ ಮೂಲೆಗೆ ಒಳ್ಳೆಯದು, ಮುಖ್ಯರಸ್ತೆಗೆ ಸಾಲದು

ಬೆಂಗಳೂರಿನಲ್ಲಿ ಫ್ಲೈಓವರ್ ಇಳಿಯುವ ಜಾಗದಲ್ಲಿ, ಯು-ಟರ್ನ್ ಬಾಯಲ್ಲಿ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕಂಬಗಳು ಸಾಲಾಗಿ ನಿಂತಿರುತ್ತವಲ್ಲ, ಅಂಗಡಿಯಲ್ಲಿ ಅದನ್ನು ಸ್ಪ್ರಿಂಗ್ ಪೋಸ್ಟ್ ಅಂತಲೇ ಕೇಳಬೇಕು. ಒಳಗೆ ಸ್ಪ್ರಿಂಗ್ ಏನೂ ಇರುವುದಿಲ್ಲ. ಪಾಲಿಯುರೆಥೇನ್ ಕೊಳವೆಯೇ ಬಾಗುತ್ತದೆ, ಚಕ್ರ ದಾಟಿದ ಮೇಲೆ ತಾನೇ ಎದ್ದು ನಿಲ್ಲುತ್ತದೆ. ಸಾಮಾನ್ಯವಾಗಿ ಸಿಗುವುದು 750 ಮಿ.ಮೀ. ಎತ್ತರ, 80 ಮಿ.ಮೀ. ದಪ್ಪ, 200 ಮಿ.ಮೀ. ಅಗಲದ ತಳ, ತಳಕ್ಕೆ ಮೂರು ಬೋಲ್ಟು. ಬೆಲೆ ಕೆಲವು ನೂರು ರೂಪಾಯಿ. ಬಡಾವಣೆಯ ಮೂಲೆಗಳಲ್ಲಿ ರಸ್ತೆ ದಾಟುವವರನ್ನು ಕಾಪಾಡಲು ಇಷ್ಟು ಅಗ್ಗದ, ಒಂದೇ ರಾತ್ರಿಯಲ್ಲಿ ಹಾಕಿ ಮುಗಿಸಬಹುದಾದ ಸಾಮಾನು ಇನ್ನೊಂದಿಲ್ಲ. ಹಾಗಿದ್ದೂ ಊರಿನಲ್ಲಿ ಎಷ್ಟೋ ಕಡೆ ಕಂಬ ಹೋಗಿ ತಳ ಮಾತ್ರ ಉಳಿದಿದೆ. ಎಲ್ಲಿ ಕೆಡುತ್ತದೆ ಅಂತ ತಿಳಿದುಕೊಂಡೇ ಕೊಳ್ಳಬೇಕು.

ಮೊದಲು, ಇದು ಕೆಲಸ ಮಾಡುವುದು ಹೇಗೆ ಅಂತ ನೋಡೋಣ. ಮೂಲೆ ಅಗಲವಾಗಿ ದುಂಡಗಿದ್ದಷ್ಟೂ ಕಾರು ಬ್ರೇಕ್ ಮುಟ್ಟದೆ ತಿರುಗುತ್ತದೆ. ಆ ದುಂಡಿನಿಂದ ರಸ್ತೆಯ ಕಡೆಗೆ ಪೋಸ್ಟುಗಳನ್ನು ಸಾಲಾಗಿ ನೆಟ್ಟರೆ ತಿರುವು ಬಿಗಿಯಾಗುತ್ತದೆ. ಕಾರು ಸಾಗುವ ದಾರಿಯ ತ್ರಿಜ್ಯ ಅರ್ಧವಾಯಿತು ಅಂದುಕೊಳ್ಳಿ, ಒಳಗೆ ಕೂತವರು ಮೊದಲಿನಷ್ಟೇ ವಾಲಬೇಕಾದರೆ ವೇಗ ಸುಮಾರು ಶೇ 30ರಷ್ಟು ಇಳಿಯಲೇಬೇಕು. ಅಷ್ಟು ಇಳಿದರೆ ಗುದ್ದಿನ ಶಕ್ತಿ ಅರ್ಧಕ್ಕೆ ಬರುತ್ತದೆ. ಕಾಂಕ್ರೀಟ್ ಕಟ್ಟೆ ಕಟ್ಟಿದರೂ ಇದೇ ಲಾಭ ಸಿಗುತ್ತದೆ, ಆದರೆ ನೀರಿನ ಟ್ಯಾಂಕರ್, ಕಸದ ಲಾರಿ, ಅಗ್ನಿಶಾಮಕ ವಾಹನ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಪೋಸ್ಟಿನ ಹೆಚ್ಚುಗಾರಿಕೆ ಇರುವುದು ಇಲ್ಲಿ. ಟ್ಯಾಂಕರ್‌ನ ಹಿಂದಿನ ಚಕ್ರ ಒಳಮೂಲೆಗೆ ಎಳೆದಾಗ ಎರಡು ಮೂರು ಪೋಸ್ಟು ಮಲಗಿ ದಾರಿ ಬಿಡುತ್ತವೆ, ಚಕ್ರ ದಾಟಿದ ಕೂಡಲೇ ಏಳುತ್ತವೆ. ಕಾರಿನವರು ಮಾತ್ರ ಬಣ್ಣ ಗೀಚೀತೆಂಬ ಭಯಕ್ಕೆ ಹತ್ತಿರ ಬರುವುದಿಲ್ಲ.

ಕೊಳ್ಳುವಾಗ ಒಂದನ್ನು ಕೈಯಲ್ಲಿ ಹಿಡಿದು ನೆಲಕ್ಕೆ ತಾಗುವವರೆಗೆ ಬಗ್ಗಿಸಿ, ಒಂದು ನಿಮಿಷ ಕಾಲಲ್ಲಿ ಒತ್ತಿ ಹಿಡಿದು ಬಿಡಿ. ಒಳ್ಳೆಯದು ಕ್ಷಣದಲ್ಲಿ ನೇರವಾಗುತ್ತದೆ. ಮಡಿಕೆ ಬಿದ್ದ ಕಡೆ ಬಿಳಿ ಗೆರೆ ಕಂಡರೆ ಅದು ಅಗ್ಗದ ಗಟ್ಟಿ ಪ್ಲಾಸ್ಟಿಕ್, ಎರಡು ಬೇಸಿಗೆಯ ಬಿಸಿಲು ತಿಂದ ಮೇಲೆ ಅದೇ ಗೆರೆಯಲ್ಲಿ ಸೀಳುತ್ತದೆ. ಕೊಳವೆಯ ಸುತ್ತ ಇರುವ, ಬೆಳಕು ಬಿದ್ದರೆ ಹೊಳೆಯುವ ಬೆಳ್ಳಿ ಪಟ್ಟಿಗೆ ಹತ್ತು ಹೆಜ್ಜೆ ದೂರದಿಂದ, ಮೊಬೈಲ್ ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು ಬೆಳಕು ಬಿಡಿ. ಥಟ್ಟನೆ ಮಿಂಚಬೇಕು. ಮಂಕಾಗಿ ಬೂದು ಕಂಡರೆ ಬೇಡವೇ ಬೇಡ, ಏಕೆಂದರೆ ಬೀದಿದೀಪ ಕೆಟ್ಟ ರಾತ್ರಿ ಅದೇ ಪೋಸ್ಟು ಬೈಕಿನವರಿಗೆ ಅಪಾಯ. ಪಟ್ಟಿ ಕೊಳವೆಯ ಮೇಲೆ ಅಂಟಿಸಿದ್ದಕ್ಕಿಂತ ಕೊರೆದ ಪಳ್ಳದೊಳಗೆ ಕೂತಿರುವುದು ಮೇಲು, ಉಜ್ಜಿದರೆ ಕಿತ್ತುಬರುವುದಿಲ್ಲ.

ಈಗ ಬೋಲ್ಟಿನ ವಿಷಯ. ಜೊತೆಗೆ ಕೊಡುವುದು ಸಾಮಾನ್ಯವಾಗಿ ಹಿಗ್ಗುವ ಬೋಲ್ಟು: ಬಿಗಿ ಮಾಡಿದಂತೆ ಬೋಲ್ಟಿನ ಸುತ್ತಲಿನ ಲೋಹದ ತೋಳು (ಸ್ಲೀವ್) ಅರಳಿ ರಂಧ್ರದ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ವೈಟ್ ಟಾಪಿಂಗ್ ಆದ ಕಾಂಕ್ರೀಟ್ ರಸ್ತೆಗೆ ಅದು ಸಾಕು, 10 ಮಿ.ಮೀ. ದಪ್ಪ, 80 ಮಿ.ಮೀ. ಉದ್ದದ್ದು ಗಟ್ಟಿಯಾಗಿ ನಿಲ್ಲುತ್ತದೆ, ಸ್ಲ್ಯಾಬಿನ ಜಾಯಿಂಟಿನಿಂದ ಒಂದು ಗೇಣಾದರೂ ದೂರವಿರಲಿ. ಡಾಂಬರಿನಲ್ಲಿ ಅದೇ ಬೋಲ್ಟು ಕೈಕೊಡುತ್ತದೆ. ಏಪ್ರಿಲ್ ಬಿಸಿಲಿಗೆ ಡಾಂಬರು ಮೆತ್ತಗಾಗಿ, ಒತ್ತಿದ ಕಡೆಯೆಲ್ಲ ಜರುಗಿ, ಹಿಡಿತ ಸಡಿಲವಾಗುತ್ತದೆ. ಬಗ್ಗಿ ನೋಡಿದರೆ ಗೊತ್ತಾಗುತ್ತದೆ: ತಳದ ಒಂದು ಅಂಚು ಬೆರಳಿನಷ್ಟು ಎದ್ದಿರುತ್ತದೆ, ಬೋಲ್ಟಿನ ತಲೆ ಕೈಯಲ್ಲೇ ತಿರುಗುತ್ತದೆ, ಸುತ್ತ ಜಲ್ಲಿಯ ಪುಡಿ ಬಿದ್ದಿರುತ್ತದೆ. ಆಮೇಲೆ ಒಂದು ಮಳೆ ಸಾಕು, ರಂಧ್ರಕ್ಕೆ ನೀರಿಳಿದು ಡಾಂಬರೇ ಚಕ್ಕೆಚಕ್ಕೆಯಾಗಿ ಏಳುತ್ತದೆ.

ಡಾಂಬರಿಗೆ ಬೇಕಾದದ್ದು ರಾಸಾಯನಿಕ ಅಂಟಿನ ಆಂಕರ್. 12 ಮಿ.ಮೀ. ರಾಡಿಗೆ 14 ಮಿ.ಮೀ. ಡ್ರಿಲ್ ಬಿಟ್ಟಿನಿಂದ ಕನಿಷ್ಠ 120 ಮಿ.ಮೀ. ಆಳ ಕೊರೆಯಿರಿ. ಕೈಪಂಪಿನಿಂದ ಪುಡಿ ಊದಿ, ಬ್ರಷ್ ಆಡಿಸಿ, ಮತ್ತೆ ಊದಿ. ಈ ಹೆಜ್ಜೆ ಬಿಟ್ಟರೆ ಅಂಟು ಪುಡಿಗೆ ಹಿಡಿಯುತ್ತದೆ, ರಸ್ತೆಗೆ ಹಿಡಿಯುವುದಿಲ್ಲ. ರಂಧ್ರದ ಮೂರನೇ ಎರಡು ಭಾಗ ಅಂಟು ತುಂಬಿ, ರಾಡನ್ನು ತಿರುಗಿಸುತ್ತಾ ಇಳಿಸಿ, ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಮುಟ್ಟದೆ ಬಿಡಿ. ತಳದಡಿಗೆ ಅಂಟುವ ರಬ್ಬರಿನ ಬ್ಯುಟೈಲ್ ಪಟ್ಟಿ ಹಾಕಿದರೆ ನೀರು ನುಗ್ಗುವುದಿಲ್ಲ. ಹೊಳೆಯುವ ಸ್ಟೀಲ್ ಷಟ್ಕೋನ ತಲೆ ಇಟ್ಟರೆ ಅದು ಕಳವಾಗಿ ಗುಜರಿಗೆ ಹೋಗುತ್ತದೆ, ವಿಶೇಷ ಬಿಟ್ಟಿಗೆ ಮಾತ್ರ ತಿರುಗುವ ತಲೆಯದ್ದನ್ನು ಕೇಳಿ. ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಸಾಲಿನಲ್ಲಿ ವಿಚಾರಿಸಬಹುದು. ಕರಗ, ತೇರು, ಗಣೇಶನ ಮೆರವಣಿಗೆ ಸಾಗುವ ಬೀದಿಗೆ ತಳ ಉಳಿದು ಕಂಬ ಮಾತ್ರ ಬಿಚ್ಚಿಬರುವ ಮಾದರಿಯೇ ಸರಿ.

ಎಷ್ಟು ಬೇಕು? 9 ಮೀಟರ್ ತ್ರಿಜ್ಯದ ಒಂದು ಮೂಲೆಯನ್ನು 4.5 ಮೀಟರಿಗೆ ಇಳಿಸುವ ಲೆಕ್ಕ ನೋಡಿ. ಹೊಸ ಗೆರೆಯಲ್ಲಿ ಎರಡೂ ಬದಿ 4.5 ಮೀಟರ್ ನೇರ, ನಡುವೆ ಸುಮಾರು 7 ಮೀಟರ್ ಬಾಗು, ಒಟ್ಟು 16 ಮೀಟರ್. ಮೀಟರಿಗೊಂದರಂತೆ 17 ಪೋಸ್ಟು. ರಸ್ತೆಯಿಂದ ಬಿಡಿಸಿಕೊಂಡ ಜಾಗ 13 ಚದರ ಮೀಟರ್. ಕೊರೆಯುವ ಮುಂಚೆ ರಂಗೋಲಿ ಪುಡಿಯಲ್ಲಿ ಗೆರೆ ಎಳೆದು, ಅದರ ಮೇಲೆ ಕೋನ್ ಇಟ್ಟು, ಒಂದು ವಾರದ ದಿನ ಬೆಳಿಗ್ಗೆ ಶಾಲೆಯ ಬಸ್ಸು ಮತ್ತು ಟ್ಯಾಂಕರ್ ತಿರುಗುವುದನ್ನು ನೋಡಿ. ಪ್ರತಿ ಸಲವೂ ಉರುಳುವ ಕೋನಿನ ಜಾಗದಲ್ಲಿ ಗೆರೆಯನ್ನು ಅರ್ಧ ಮೀಟರ್ ಒಳಗೆ ಸರಿಸಿ. ಎಷ್ಟೇ ಒಳ್ಳೆಯ ಪೋಸ್ಟಾದರೂ ದಿನಕ್ಕೆ ನಲವತ್ತು ಸಲ ಮಲಗಿಸಿದರೆ ಬದುಕುವುದಿಲ್ಲ.

ಬಿಡಿಸಿಕೊಂಡ ಜಾಗವನ್ನು ಖಾಲಿ ಬಿಟ್ಟರೆ ಸಂಜೆಯೊಳಗೆ ಅಲ್ಲಿ ಸ್ಕೂಟರ್ ನಿಲ್ಲುತ್ತದೆ, ಮೀಟರ್ ಸಂದಿಯಲ್ಲಿ ಅವು ಸುಲಭವಾಗಿ ನುಸುಳುತ್ತವೆ. ಒಳಗೆ ಸೈಜುಗಲ್ಲು ಅಥವಾ ಸಿಮೆಂಟ್ ಕುಂಡ ಇಡಬೇಕು, ಆದರೆ ಪೋಸ್ಟಿನ ಸಾಲಿನಿಂದ ಅರ್ಧ ಮೀಟರ್ ಹಿಂದಕ್ಕೆ. ಬಾಗದ ಕಲ್ಲನ್ನು ವಾಹನಕ್ಕೆ ಎದುರಾಗಿ ಮುಂದಿಟ್ಟರೆ ರಾತ್ರಿ ಜಾರಿ ಬಂದ ಬೈಕ್ ಸವಾರ ಅದಕ್ಕೇ ಬಡಿಯುತ್ತಾನೆ. ಗಿಡ 60 ಸೆಂ.ಮೀ. ದಾಟಬಾರದು, ದಾಟಿದರೆ ಹಿಂದೆ ನಿಂತ ಮಗು ಚಾಲಕನಿಗೆ ಕಾಣಿಸುವುದಿಲ್ಲ. ಬಣ್ಣ ಬಳಿಯುವ ಆಸೆ ಎಲ್ಲರಿಗೂ ಇರುತ್ತದೆ. ಬಳಿಯಿರಿ, ಆದರೆ ಗೇಟಿಗೆ ಹೊಡೆಯುವ ಎನಾಮೆಲ್ ಬೇಡ. ಒದ್ದೆಯಾದರೆ ಅದು ಎಣ್ಣೆಯಂತೆ ಜಾರುತ್ತದೆ. ರಸ್ತೆ ಗುರುತಿಗೆಂದೇ ಬರುವ ಬಣ್ಣ ಹಚ್ಚಿ, ಹಸಿಯಿರುವಾಗಲೇ ಮೇಲೆ ಸಣ್ಣ ಕ್ವಾರ್ಟ್ಜ್ ಮರಳು ಉದುರಿಸಿ.

ಮೂಲೆಯ ಪಕ್ಕದ ಜೀಬ್ರಾ ಕ್ರಾಸಿಂಗ್‌ಗೆ ಬಣ್ಣ ಸಾಲದು, ಕಾಯಿಸಿ ಕರಗಿಸಿ ಬಳಿಯುವ ಥರ್ಮೋಪ್ಲಾಸ್ಟಿಕ್ ಹಾಕಿಸಿ. ಅರ್ಧ ಮೀಟರ್ ಪಟ್ಟಿ, ಅರ್ಧ ಮೀಟರ್ ಸಂದಿ, ಪಟ್ಟಿಯ ಉದ್ದ 3 ಮೀಟರ್. 7 ಮೀಟರ್ ರಸ್ತೆಗೆ ಏಳು ಪಟ್ಟಿ, 10.5 ಚದರ ಮೀಟರ್. 2.5 ಮಿ.ಮೀ. ದಪ್ಪಕ್ಕೆ ಸುಮಾರು 50 ಕೆ.ಜಿ. ಮಾಲು ಹಿಡಿಯುತ್ತದೆ, ಮೇಲೆ ಚದರ ಮೀಟರಿಗೆ 250 ಗ್ರಾಂ ಗಾಜಿನ ಮಣಿ. ಗುತ್ತಿಗೆದಾರರು ಮಣಿಯಲ್ಲೇ ಉಳಿಸಲು ನೋಡುತ್ತಾರೆ, ಮಣಿ ಕಡಿಮೆಯಾದರೆ ರಾತ್ರಿ ಜೀಬ್ರಾ ಇದ್ದೂ ಇಲ್ಲದಂತೆ. ಕಾಂಕ್ರೀಟ್ ರಸ್ತೆಯಲ್ಲಿ ಪ್ರೈಮರ್ ಇಲ್ಲದೆ ಹಾಕಿದರೆ ಹಪ್ಪಳದಂತೆ ಎದ್ದುಬರುತ್ತದೆ.

ಇದೇ ಅಂಗಡಿಗಳಲ್ಲಿ ಹಳದಿ-ಕಪ್ಪು ರಬ್ಬರ್ ಹಂಪ್ ಕೂಡ ಮಾರುತ್ತಾರೆ. ಕೊಳ್ಳಬೇಡಿ. ಒಂದೂಕಾಲು ಅಡಿಯೂ ಇಲ್ಲದ ಅಗಲದಲ್ಲಿ 5 ಸೆಂ.ಮೀ. ಏರಿ ಇಳಿಯುವ ಅದು ಸೈಕಲ್ ಸವಾರರ ಬೆನ್ನಿಗೆ ಗುದ್ದುತ್ತದೆ, ತುಂಡು ಕಿತ್ತುಹೋದ ಮೇಲೆ ಬೋಲ್ಟು ಮೊಳೆಯಂತೆ ನಿಂತು ಟೈರು ಸೀಳುತ್ತದೆ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ್ದು. ಅದರ ಮೇಲೆ ನಿಧಾನವಾಗಿ ಹೋದವರಿಗೆ ನೋವಾಗುವುದಿಲ್ಲ.

ಸೈಕಲ್ ಪಥಕ್ಕೆ ಪೋಸ್ಟು ಸಾಕೇ ಎಂಬ ಪ್ರಶ್ನೆಗೆ ನಮ್ಮೂರೇ ಉತ್ತರ ಕೊಟ್ಟಿದೆ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಲೌರಿ ಜಂಕ್ಷನ್ ಕಡೆಗೆ ಪೋಸ್ಟು ನೆಟ್ಟು ತಾತ್ಕಾಲಿಕ ಸೈಕಲ್ ಪಥ ಮಾಡಲಾಯಿತು. ಯೋಚನೆ ತುಂಬ ಒಳ್ಳೆಯದು. ಆದರೆ ಅಷ್ಟು ವೇಗದ, ಅಷ್ಟು ಕಿಕ್ಕಿರಿದ ರಸ್ತೆಯಲ್ಲಿ ಬಾಗುವ ಕಂಬ ದ್ವಿಚಕ್ರಗಳನ್ನು ತಡೆಯುವುದಿಲ್ಲ, ಬಸ್ಸಿನ ಪಕ್ಕ ಸೈಕಲ್ ತುಳಿಯುವವರಿಗೆ ರಕ್ಷಣೆಯನ್ನೂ ಕೊಡುವುದಿಲ್ಲ. ಅಲ್ಲಿಗೆ ಕಾಂಕ್ರೀಟ್ ಅಂಚೇ ಬೇಕು. ಗಂಟೆಗೆ 30 ಕಿ.ಮೀ. ಆಸುಪಾಸಿನ ಒಳರಸ್ತೆಯಲ್ಲಾದರೆ ಪೋಸ್ಟು ನಡೆಯುತ್ತದೆ: ಸೈಕಲ್ಲಿಗೆ ಒಂದೂವರೆ ಮೀಟರ್ ಪೂರ್ತಿ ಬಿಟ್ಟು, ಆಚೆಗೆ ಅರ್ಧ ಮೀಟರ್ ಗೆರೆ ಹಾಕಿದ ಅಂತರ, ಪೋಸ್ಟು ಆ ಅಂತರದ ನಡುವೆ. ಪಥದ ಅಂಚಿಗೇ ನೆಟ್ಟರೆ ಕಂಬಕ್ಕೆ ಪೆಡಲ್ ತಾಗುತ್ತದೆ.

ಫುಟ್‌ಪಾತ್ ಮೇಲೆ ಬೈಕ್ ಹತ್ತದಂತೆ ಪೋಸ್ಟು ಹಾಕುವ ಬೇಡಿಕೆಯೂ ಬರುತ್ತದೆ. ಗಾಲಿಕುರ್ಚಿ ಹೋಗಲು 90 ಸೆಂ.ಮೀ. ಬಿಡಲೇಬೇಕು. ಅಷ್ಟರಲ್ಲಿ ಸ್ಕೂಟರೂ ಹೋಗುತ್ತದೆ. ಸಂದಿ ಕಿರಿದು ಮಾಡಿ ಗಾಲಿಕುರ್ಚಿಯವರನ್ನು ರಸ್ತೆಗೆ ಇಳಿಸುವುದು ಅನ್ಯಾಯ, ಆ ಕೆಲಸಕ್ಕೆ ಈ ಸಾಮಾನು ಕೊಳ್ಳಲೇಬೇಡಿ.

ರಸ್ತೆ ಕೊರೆಯಲು ಪಾಲಿಕೆಯ ಎಂಜಿನಿಯರ್ ಮತ್ತು ಸಂಚಾರ ಪೊಲೀಸರ ಒಪ್ಪಿಗೆ ಬೇಕು, ನಿವಾಸಿಗಳ ಸಂಘ ತಾನೇ ಡ್ರಿಲ್ ಹಿಡಿಯುವ ಹಾಗಿಲ್ಲ. 17 ಪೋಸ್ಟು ಬೇಕಾದ ಕಡೆ 21 ತರಿಸಿ, ಬೋಲ್ಟು ಅದಕ್ಕೂ ಹೆಚ್ಚು. ಮೊದಲ ವಾರ ಒಮ್ಮೆ, ತಿಂಗಳಿಗೊಮ್ಮೆ, ಡಾಂಬರು ಕಾಯುವ ಏಪ್ರಿಲ್‌ನಲ್ಲಿ ತಪ್ಪದೆ ಮತ್ತೊಮ್ಮೆ ಬಿಗಿ ನೋಡಬೇಕು. ಮೋರಿಯ ಬಾಯಿ ಇರುವ ಕಡೆ ಕುಂಡ ಇಡಬೇಡಿ, ಪೋಸ್ಟಿನ ಸಾಲಿನಲ್ಲಿ ಒಂದು ಕಡೆ ಒಂದೂವರೆ ಮೀಟರ್ ಸಂದಿ ಬಿಟ್ಟು ಪೌರಕಾರ್ಮಿಕರ ತಳ್ಳುಗಾಡಿ ಒಳಗೆ ಬರಲಿ. ಹೊಂಗೆ ಹೂ ಉದುರುವ ದಿನಗಳಲ್ಲಿ ಅಲ್ಲಿ ಕಸ ತೆಗೆಯದಿದ್ದರೆ ಮೊದಲ ಮಳೆಗೇ ಮೋರಿ ಕಟ್ಟಿ, ಜೀಬ್ರಾ ಶುರುವಾಗುವ ಜಾಗದಲ್ಲೇ ನೀರು ನಿಲ್ಲುತ್ತದೆ.