ಬದಲಿ ಗಿಟಾರ್ ವಾದಕನ ಕಣ್ಣಲ್ಲಿ ಎಚ್‌ಎಕ್ಸ್ ಸ್ಟಾಂಪ್

ಗಿಟಾರಿನ ನಾದವನ್ನು ಬದಲಿಸುವ ಎಫೆಕ್ಟ್ಸ್ ಉಪಕರಣಗಳ ವಿಮರ್ಶೆಗಳು ಸಾಮಾನ್ಯವಾಗಿ ಅವುಗಳೊಳಗೆ ಎಷ್ಟು ಆಂಪ್ (ಆಂಪ್ಲಿಫೈಯರ್) ಮಾದರಿಗಳಿವೆ, ಎಷ್ಟು ಬಗೆಯ ಡಿಲೇ (ಪ್ರತಿಧ್ವನಿ) ಮತ್ತು ರಿವರ್ಬ್‌ಗಳಿವೆ ಎಂಬ ಲೆಕ್ಕದಲ್ಲೇ ಮುಗಿದುಹೋಗುತ್ತವೆ. ಹೊಸದಾಗಿ ತಂಡ ಕಟ್ಟುವವರಿಗೆ ಆ ಲೆಕ್ಕ ಉಪಯೋಗಕ್ಕೆ ಬರಬಹುದು. ಆದರೆ ಹಲವು ವರ್ಷಗಳಿಂದ ವೇದಿಕೆಯಲ್ಲಿರುವ, ತನ್ನದೇ ಕೇಳುಗರನ್ನು ಗಳಿಸಿಕೊಂಡಿರುವ ಇಂಡೀ ಬ್ಯಾಂಡೊಂದಕ್ಕೆ, ಬಿಟ್ಟುಹೋದ ವಾದಕರ ಬದಲಿಗೆ ಸೇರುವವರ ಅಗತ್ಯವೇ ಬೇರೆ. ಅವರು ನುಡಿಸಬೇಕಾದ ನಾದ ಆಗಲೇ ಧ್ವನಿಮುದ್ರಣದಲ್ಲಿದೆ, ಕೇಳುಗರ ಕಿವಿಯಲ್ಲಿದೆ, ಎಲ್ಲಕ್ಕಿಂತ ಹೆಚ್ಚಾಗಿ ಉಳಿದ ಸದಸ್ಯರ ನೆನಪಿನಲ್ಲಿದೆ. ತತ್ವಪದಗಳನ್ನೂ ಸ್ವಂತ ರಚನೆಗಳನ್ನೂ ರಾಕ್ ವಾದ್ಯಗಳೊಡನೆ ಹಾಡುವ ಬೆಂಗಳೂರಿನ ಇಂಥದೊಂದು ತಂಡವನ್ನು ಸೇರಿದಂದಿನಿಂದ ನಾನು ಬಳಸುತ್ತಿರುವುದು ಲೈನ್ 6 ಕಂಪನಿಯ ಎಚ್‌ಎಕ್ಸ್ ಸ್ಟಾಂಪ್ ಎಂಬ ಎಫೆಕ್ಟ್ಸ್ ಪೆಟ್ಟಿಗೆ. ಈ ಬರಹದಲ್ಲಿ ಅದನ್ನು ಆ ಒಂದು ಕೆಲಸದ ದೃಷ್ಟಿಯಿಂದ ಮಾತ್ರ ಪರಿಶೀಲಿಸಿದ್ದೇನೆ.

ಉಪಕರಣದ ಸ್ಥೂಲ ಪರಿಚಯ ಇಷ್ಟು: 2018ರಲ್ಲಿ ಮಾರುಕಟ್ಟೆಗೆ ಬಂದ ಇದು, ಅದೇ ಕಂಪನಿಯ ದೊಡ್ಡ ಹೀಲಿಕ್ಸ್ ಯಂತ್ರದ ನಾದವನ್ನು ಸುಮಾರು ಒಂದು ಕಿಲೋ ತೂಕದ ಲೋಹದ ಪೆಟ್ಟಿಗೆಯಲ್ಲಿ ಕೊಡುತ್ತದೆ. ಮೂರು ಫುಟ್‌ಸ್ವಿಚ್‌ಗಳು, ಒಂದು ಸಣ್ಣ ಬಣ್ಣದ ಪರದೆ, 126 ಪ್ರಿಸೆಟ್‌ಗಳಿಗೆ (ಉಳಿಸಿಟ್ಟ ನಾದದ ಜೋಡಣೆಗಳಿಗೆ) ಜಾಗ. ಆರಂಭದಲ್ಲಿ ಒಂದು ಪ್ರಿಸೆಟ್‌ನಲ್ಲಿ 6 ಬ್ಲಾಕ್‌ಗಳನ್ನು (ಆಂಪ್, ಡಿಲೇಯಂಥ ಬಿಡಿ ಘಟಕಗಳನ್ನು) ಮಾತ್ರ ಜೋಡಿಸಬಹುದಿತ್ತು. 2020ರ ಫರ್ಮ್‌ವೇರ್ (ಉಪಕರಣದೊಳಗಿನ ತಂತ್ರಾಂಶ) ಆ ಮಿತಿಯನ್ನು 8ಕ್ಕೆ ಏರಿಸಿತು. ಹೀಲಿಕ್ಸ್‌ನ 32 ಬ್ಲಾಕ್‌ಗಳಿಗೆ ಹೋಲಿಸಿದರೆ ಇದು ಕಡಿಮೆಯೇ.

ಬದಲಿ ವಾದಕರಿಗೆ ಇದರ ಮೊದಲ ಆಕರ್ಷಣೆ ಕಡತ ವರ್ಗಾವಣೆ. ನನ್ನ ಹಿಂದಿದ್ದ ವಾದಕರೂ ಇದೇ ಉಪಕರಣ ಬಳಸುತ್ತಿದ್ದರು. ದೊಡ್ಡ ಮನಸ್ಸಿನಿಂದ ತಮ್ಮ ಪ್ರಿಸೆಟ್‌ಗಳನ್ನೆಲ್ಲ ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟರು. ಎಚ್‌ಎಕ್ಸ್ ಎಡಿಟ್ ಎಂಬ ಉಚಿತ ತಂತ್ರಾಂಶದ ಮೂಲಕ ಅವು ಕೆಲವೇ ನಿಮಿಷಗಳಲ್ಲಿ ನನ್ನ ಪೆಟ್ಟಿಗೆಗೆ ಇಳಿದವು. ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಹೊಸ ಫರ್ಮ್‌ವೇರ್‌ನಲ್ಲಿ ಸಿದ್ಧಪಡಿಸಿದ ಪ್ರಿಸೆಟ್ ಹಳೆಯ ಫರ್ಮ್‌ವೇರ್ ಇರುವ ಉಪಕರಣದಲ್ಲಿ ತೆರೆಯುವುದಿಲ್ಲ, ಆದ್ದರಿಂದ ಮೊದಲು ಆವೃತ್ತಿಯನ್ನು ಸರಿಹೊಂದಿಸಿಕೊಳ್ಳಬೇಕು. ಹೊರಗಿನಿಂದ ಖರೀದಿಸಿದ ಸ್ಪೀಕರ್ ಐಆರ್‌ಗಳನ್ನು (ಸ್ಪೀಕರ್‌ನ ನಾದಗುಣವನ್ನು ಹಿಡಿದಿಟ್ಟ ಕಡತಗಳನ್ನು) ಹಿಂದಿನವರು ಬಳಸಿದ್ದರೆ, ಆ ಐಆರ್ ಕಡತಗಳು ಪ್ರಿಸೆಟ್ ಜೊತೆಗೆ ತಾವಾಗಿ ಬರುವುದಿಲ್ಲ. ಅವುಗಳನ್ನು ಬೇರೆಯಾಗಿ ಪಡೆಯದೆ ಹೋದರೆ ಪ್ರಿಸೆಟ್ ತೆರೆದುಕೊಂಡರೂ ನಾದ ಬೋಳಾಗಿ, ಕರ್ಕಶವಾಗಿ ಕೇಳುತ್ತದೆ.

ಎಲ್ಲವೂ ಸರಿಯಾಗಿ ಇಳಿದ ಮೇಲೂ ನಾದ ಮಾತ್ರ ಅವರದಾಗುವುದಿಲ್ಲ. ಅವರ ಗಿಟಾರಿನಲ್ಲಿದ್ದದ್ದು ಎರಡು ಸುರುಳಿಗಳ ಹಂಬಕರ್ ಪಿಕಪ್‌ಗಳು (ತಂತಿಯ ಕಂಪನವನ್ನು ಸಂಕೇತವಾಗಿಸುವ ಭಾಗಗಳು), ನನ್ನದರಲ್ಲಿರುವುದು ಒಂದೇ ಸುರುಳಿಯ ಸಿಂಗಲ್ ಕಾಯಿಲ್. ಹಂಬಕರ್‌ನಿಂದ ಹೊರಡುವ ಸಂಕೇತ ಹೆಚ್ಚು ಬಲವಾದದ್ದು, ಮೇಲಿನ ಆವರ್ತನಗಳಲ್ಲಿ ಸ್ವಲ್ಪ ಮಂದವಾದದ್ದು. ಅದಕ್ಕೆ ಹೊಂದಿಸಿಟ್ಟ ಡಿಸ್ಟಾರ್ಷನ್ (ನಾದವನ್ನು ಒರಟಾಗಿಸುವ ಎಫೆಕ್ಟ್) ನನ್ನ ಗಿಟಾರಿಗೆ ಅರ್ಧ ಬೆಂದ ಅನ್ನದಂತೆ ಆಗಿಬಿಡುತ್ತದೆ. ಪಿಕ್ ಹಿಡಿಯುವ ಕೋನ, ತಂತಿಯ ದಪ್ಪ, ಬಲಗೈಯ ಪೆಟ್ಟು ಇವೆಲ್ಲ ಬೇರೆ. ಬ್ಲಾಕ್‌ಗಳ ಸರಪಳಿಯ ಮುಂದೆ ಸಂಕೇತವನ್ನು ಬಲಗೊಳಿಸುವ ಒಂದು ಗೇನ್ ಬ್ಲಾಕ್ ಸೇರಿಸಿ ಇದನ್ನು ಸರಿದೂಗಿಸಬಹುದು, ಆದರೆ ಇರುವ 8 ಬ್ಲಾಕ್‌ಗಳಲ್ಲಿ ಒಂದು ಅದಕ್ಕೇ ಹೋಗುತ್ತದೆ. ತುಂಬಿದ ಪ್ರಿಸೆಟ್‌ಗಳಲ್ಲಿ ಅದಕ್ಕೂ ಜಾಗವಿರುವುದಿಲ್ಲ. ಆಂಪ್ ಮಾದರಿಯೊಳಗಿನ ಡ್ರೈವ್ ಮತ್ತು ಟ್ರೆಬಲ್‌ಗಳನ್ನು ಹಾಡು ಹಾಡಿಗೂ ತಿದ್ದಿಕೊಳ್ಳುವುದೇ ಮೇಲು. ಕೆಲವರು ಈ ಕೆಲಸಕ್ಕೆ ಗ್ಲೋಬಲ್ ಈಕ್ಯೂ (ಎಲ್ಲ ಪ್ರಿಸೆಟ್‌ಗಳಿಗೂ ಒಟ್ಟಾಗಿ ಅನ್ವಯಿಸುವ ಈಕ್ವಲೈಜರ್) ಬಳಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಸಲ್ಲದು. ಆ ಸೌಲಭ್ಯ ಇರುವುದು ಸಭಾಂಗಣದ ಗುಣಕ್ಕೆ ತಕ್ಕಂತೆ ಒಟ್ಟು ನಾದವನ್ನು ಸರಿಪಡಿಸಲಿಕ್ಕೆ. ಅದನ್ನು ಗಿಟಾರಿನ ಸ್ವಭಾವ ಮುಚ್ಚಲು ಖರ್ಚು ಮಾಡಿದರೆ ಸೌಂಡ್‌ಚೆಕ್‌ನಲ್ಲಿ ಕೈಗೆ ಏನೂ ಉಳಿಯುವುದಿಲ್ಲ.

ಉಪಕರಣದ ಅತ್ಯುತ್ತಮ ಗುಣವೆಂದರೆ ಸ್ನ್ಯಾಪ್‌ಶಾಟ್, ಅಂದರೆ ಒಂದೇ ಪ್ರಿಸೆಟ್‌ನೊಳಗೆ ಉಳಿಸಿಟ್ಟ ಬೇರೆ ಬೇರೆ ಹೊಂದಾಣಿಕೆಗಳು. ಒಂದು ಪ್ರಿಸೆಟ್‌ನಿಂದ ಇನ್ನೊಂದಕ್ಕೆ ಹಾರುವಾಗ ಕ್ಷಣಮಾತ್ರದ ಮೌನವೊಂದು ನಡುವೆ ಸುಳಿಯುತ್ತದೆ. ಒಂದೇ ಪ್ರಿಸೆಟ್‌ನೊಳಗಿನ ಸ್ನ್ಯಾಪ್‌ಶಾಟ್‌ಗಳ ನಡುವೆ ಆ ಕಡಿತವಿಲ್ಲ, ಡಿಲೇಯ ಬಾಲವೂ ತುಂಡಾಗುವುದಿಲ್ಲ. ಒಂದು ಪ್ರಿಸೆಟ್‌ಗೆ 3 ಸ್ನ್ಯಾಪ್‌ಶಾಟ್‌ಗಳು ಸಿಗುತ್ತವೆ. ಪಲ್ಲವಿಗೆ ಒಂದು, ಚರಣಕ್ಕೆ ಒಂದು, ನಡುವಿನ ವಾದ್ಯಭಾಗಕ್ಕೆ ಒಂದು ಎಂದು ಇಟ್ಟುಕೊಂಡರೆ ನಮ್ಮ ಹೆಚ್ಚಿನ ಹಾಡುಗಳು ಅದರೊಳಗೆ ಕೂರುತ್ತವೆ. ತಂಡದ ಹಾಡುಗಳನ್ನು ಇನ್ನೂ ಮೈಗೂಡಿಸಿಕೊಳ್ಳುತ್ತಿರುವವರಿಗೆ ಹಾಡಿನ ರಚನೆಯೇ ಕಾಲಡಿಯ ಮೂರು ಗುಂಡಿಗಳಲ್ಲಿ ಬಣ್ಣ ಹೊತ್ತು ನಿಂತಿರುವುದು ದೊಡ್ಡ ಧೈರ್ಯ.

ಆದರೆ ಮೂರೂ ಗುಂಡಿಗಳು ಸ್ನ್ಯಾಪ್‌ಶಾಟ್‌ಗಳಿಗೇ ಮೀಸಲಾದರೆ ಟ್ಯಾಪ್ ಟೆಂಪೋಗೆ (ಕಾಲಿನಿಂದ ತಾಳ ತಟ್ಟಿ ಡಿಲೇಯ ವೇಗ ಹೊಂದಿಸುವುದಕ್ಕೆ) ಗುಂಡಿ ಉಳಿಯುವುದಿಲ್ಲ, ಮತ್ತು ಬದಲಿ ವಾದಕರಿಗೆ ಟ್ಯಾಪ್ ಟೆಂಪೋ ಬೇಕೇ ಬೇಕು. ಬಳುವಳಿಯಾಗಿ ಬಂದ ಪ್ರಿಸೆಟ್‌ಗಳಲ್ಲಿ ಡಿಲೇಯ ವೇಗ ಧ್ವನಿಮುದ್ರಣದ ಕಾಲದ್ದು. ವರ್ಷಗಟ್ಟಲೆ ಒಂದೇ ಹಾಡನ್ನು ನುಡಿಸಿದ ತಂಡಗಳು ವೇದಿಕೆಯಲ್ಲಿ ಅದನ್ನು ಸ್ವಲ್ಪ ಓಡಿಸುತ್ತವೆ, ಅದು ಅವರಿಗೇ ತಿಳಿದಿರುವುದಿಲ್ಲ. ಹಳೆಯ ವೇಗದ ಡಿಲೇ ಇಂದಿನ ಡ್ರಮ್ಸ್‌ನ ಮೇಲೆ ಬಿದ್ದಾಗ ತಾಳ ತಪ್ಪಿದ್ದು ಹೊಸಬರೇ ಎಂದು ಎಲ್ಲರೂ ಭಾವಿಸುತ್ತಾರೆ. ಇದಕ್ಕೆ ಪರಿಹಾರ ಉಪಕರಣದಲ್ಲಿಯೇ ಇದೆ: ಎಕ್ಸ್‌ಪ್ರೆಷನ್ ಪೆಡಲ್‌ನ ಜ್ಯಾಕ್‌ಗೆ ಎರಡು ಗುಂಡಿಗಳ ಹೊರ ಸ್ವಿಚ್ಚೊಂದನ್ನು ಟಿಆರ್‌ಎಸ್ ಕೇಬಲ್‌ನಲ್ಲಿ ಸಿಕ್ಕಿಸಿ, ಒಂದನ್ನು ಟ್ಯಾಪ್‌ಗೆ, ಇನ್ನೊಂದನ್ನು ಮುಂದಿನ ಪ್ರಿಸೆಟ್‌ಗೆ ಹೊಂದಿಸಬಹುದು. ಈ ಸ್ವಿಚ್ಚಿನ ಬೆಲೆಯನ್ನು ಉಪಕರಣದ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕುವುದು ಪ್ರಾಮಾಣಿಕ ಲೆಕ್ಕ.

ಧ್ವನಿಮುದ್ರಣವನ್ನೇ ಪ್ರಮಾಣವೆಂದು ಹಿಡಿದು ಪ್ರಿಸೆಟ್ ಕಟ್ಟುವವರಿಗೆ ಇನ್ನೊಂದು ತೊಡಕಿದೆ. ಸ್ಟುಡಿಯೋದಲ್ಲಿ ಒಂದೇ ಗಿಟಾರ್ ಭಾಗವನ್ನು ಎರಡು ಬಾರಿ ನುಡಿಸಿ ಎಡಕ್ಕೊಂದು ಬಲಕ್ಕೊಂದು ಇಡುವುದು ಸಾಮಾನ್ಯ ರೂಢಿ. ವೇದಿಕೆಯಲ್ಲಿ ಒಬ್ಬರೇ ಇರುತ್ತಾರೆ. ಆ ದಪ್ಪವನ್ನು ಕೋರಸ್ ಎಂಬ ಎಫೆಕ್ಟ್ ಮತ್ತು ಸಣ್ಣ ಡಿಲೇಗಳಿಂದ ಈ ಪೆಟ್ಟಿಗೆ ಸಾಕಷ್ಟು ಚೆನ್ನಾಗಿಯೇ ಅನುಕರಿಸುತ್ತದೆ. ಜ್ಯಾಮ್ ರೂಮಿನಲ್ಲಿ ಅದನ್ನು ಕೇಳಿಸಿದಾಗ ನಮ್ಮ ಗಾಯಕಿ, "ಚೆನ್ನಾಗೇನೋ ಇದೆ, ಆದ್ರೆ ಅವ್ರು ಸ್ಟೇಜ್ ಮೇಲೆ ಹೀಗೆ ನುಡಿಸ್ತಿರ್ಲಿಲ್ವಲ್ಲ" ಎಂದರು. ತಂಡಕ್ಕೆ ನೆನಪಿರುವುದು ವೇದಿಕೆಯ ನಾದ, ಕೇಳುಗರಿಗೆ ನೆನಪಿರುವುದು ಆಲ್ಬಮ್‌ನ ನಾದ. ಹಳೆಯ ಹಾಡುಗಳಲ್ಲಿ ನಾನು ತಂಡದ ನೆನಪಿನ ಕಡೆಗೇ ವಾಲಿದ್ದೇನೆ. ಹೊಸ ಹಾಡುಗಳ ಮಾತು ಬೇರೆ, ಅಲ್ಲಿ ನಾದ ನನ್ನದೇ ಆಗಬಹುದು. ಬ್ರಿಟಿಷ್ ಗಿಟಾರ್ ವಾದಕ ಜಾನಿ ಮಾರ್ ಅವರು 2006ರಲ್ಲಿ ಅಮೆರಿಕದ ಮಾಡೆಸ್ಟ್ ಮೌಸ್ ತಂಡವನ್ನು ಸೇರಿ, ಅವರ ಗಿಟಾರ್ ಇರುವ ಆಲ್ಬಮ್ 2007ರಲ್ಲಿ ಅಮೆರಿಕದ ಆಲ್ಬಮ್ ಪಟ್ಟಿಯಾದ ಬಿಲ್‌ಬೋರ್ಡ್ 200ರ ಮೊದಲ ಸ್ಥಾನಕ್ಕೇರಿದ್ದು ಅವರದೇ ಕೈ ಸೇರಿದ ಹೊಸ ರಚನೆಗಳಿಂದ. ಖಾಲಿ ಪ್ರಿಸೆಟ್‌ಗಳಿಗೆ ಈ ಪೆಟ್ಟಿಗೆಯಲ್ಲಿ ಕೊರತೆಯೇನೂ ಇಲ್ಲ.

ವೇದಿಕೆಯ ವ್ಯವಹಾರದಲ್ಲಿ ಇದು ನಂಬಿಕಸ್ಥ. ಪಬ್‌ಗಳಲ್ಲಿ ಸಿಗುವ ಬಾಡಿಗೆ ಆಂಪ್ ಯಾವುದೆಂದು ಮೊದಲೇ ತಿಳಿಯುವುದು ಅಪರೂಪ. ನೇರವಾಗಿ ಮಿಕ್ಸರ್‌ಗೆ ಹೋದರೆ ಆ ಚಿಂತೆಯಿಲ್ಲ. ಮಿಕ್ಸರ್‌ನ ಕೇಬಲ್‌ಗೆ ಬೇಕಾದ ಎಕ್ಸ್‌ಎಲ್‌ಆರ್ ಸಾಕೆಟ್ ಇಲ್ಲದಿರುವುದರಿಂದ, ಸಂಕೇತವನ್ನು ಮಿಕ್ಸರ್‌ಗೆ ಹೊಂದಿಸುವ ಒಂದು ಡಿಐ ಬಾಕ್ಸ್ ಚೀಲದಲ್ಲಿರಲಿ. ಹೆಚ್ಚಿನ ತಾಣಗಳಲ್ಲಿ ಗಿಟಾರಿಗೆ ಒಂದೇ ಚಾನೆಲ್ ಕೊಡುತ್ತಾರೆ, ಆದ್ದರಿಂದ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕಟ್ಟಿದ ಸ್ಟೀರಿಯೋ ಸೊಬಗನ್ನು ಮಾನೋದಲ್ಲಿ ಒಮ್ಮೆ ಕೇಳಿಯೇ ಹೊರಡಬೇಕು. ವಿದ್ಯುತ್ ಹೋಗಿ ಬಂದರೆ ಉಪಕರಣ ಮತ್ತೆ ಎಚ್ಚರಗೊಳ್ಳಲು ಕೆಲವು ಸೆಕೆಂಡುಗಳು ಬೇಕು. ಅಷ್ಟು ಹೊತ್ತು ಗಾಯಕರು ಮಾತನಾಡುತ್ತಿರಬೇಕಾಗುತ್ತದೆ. ಇದಕ್ಕೆ 9 ವೋಲ್ಟ್‌ನಲ್ಲಿ 3 ಆಂಪಿಯರ್ ಬೇಕಾದ್ದರಿಂದ ಇತರ ಪೆಡಲ್‌ಗಳ ಸಾಮಾನ್ಯ ಪವರ್ ಸಪ್ಲೈ ಸಾಲದು, ಕಂಪನಿಯ ಅಡಾಪ್ಟರನ್ನೇ ಒಯ್ಯಬೇಕು.

ಒಂದೇ ಹಾಡಿನೊಳಗೆ ನಾಲ್ಕೈದು ಬಾರಿ ನಾದ ಬದಲಿಸುವ ತಂಡಕ್ಕೆ ಸೇರುವವರು 2021ರಲ್ಲಿ ಬಂದ, 8 ಫುಟ್‌ಸ್ವಿಚ್‌ಗಳಿರುವ, ಇದರದೇ ಎಕ್ಸ್‌ಎಲ್ ಮಾದರಿಯನ್ನು ನೋಡುವುದು ಒಳಿತು. ಹಿಂದಿನ ವಾದಕರು ಬಿಡಿ ಪೆಡಲ್‌ಗಳನ್ನೇ ಬಳಸುತ್ತಿದ್ದರೆ ಅವಸರ ಬೇಡ: ಅವರ ಪೆಡಲ್ ಬೋರ್ಡಿನ ಒಂದು ಫೋಟೋ ಕೇಳಿ ಪಡೆಯಿರಿ, ಅವುಗಳ ನಾಬ್‌ಗಳು ಎಲ್ಲಿಗೆ ತಿರುಗಿವೆ ಎಂದು ನೋಡಿ, ಆ ಪೆಡಲ್‌ಗಳ ಮಾದರಿಗಳು ಇದರೊಳಗೆ ಇವೆಯೇ ಎಂದು ಕಂಪನಿಯ ಪಟ್ಟಿಯಲ್ಲಿ ಪರಿಶೀಲಿಸಿ, ಆಮೇಲೆ ಅಂಗಡಿಗೆ ನಿಮ್ಮದೇ ಗಿಟಾರ್ ತೆಗೆದುಕೊಂಡು ಹೋಗಿ.